ಒಂದೇ ರಿಂಗಿನ ಆಡಳಿತ

ದಿನಕ್ಕೆ ಮೂವತ್ತೆರಡು ರೂಪಾಯಿ. ಉಡುಪಿಯ ನಮ್ಮ ಪಂಪು ರಿಪೇರಿ ಅಂಗಡಿಯಿಂದ ಎದುರಿನ ಹೋಟೆಲಿಗೆ, ಭಾನುವಾರವೊಂದನ್ನು ಬಿಟ್ಟು, ಪ್ರತಿ ಬೆಳಿಗ್ಗೆ ಸಲ್ಲುವ ಕಪ್ಪಕಾಣಿಕೆ ಇದು: ಒಂದು ದೊಡ್ಡ ತಟ್ಟೆ ಗೋಳಿಬಜೆ, ನಾಲ್ಕು ಲೋಟ ಚಾ. ಕಾಯಿಚಟ್ನಿ ಅದರೊಳಗೇ ಬಂತು. ಇಷ್ಟು ದುಡ್ಡನ್ನು ನಿತ್ಯವೂ ಎಣ್ಣೆಗೆ ಹಾಕಿ ಕರಿಯುವ ನನ್ನನ್ನು ಉದಾರಿಯೆಂದೋ ಜಿಹ್ವಾಚಾಪಲ್ಯದವನೆಂದೋ ತೀರ್ಮಾನಿಸುವ ಮೊದಲು ದಯವಿಟ್ಟು ಸ್ವಲ್ಪ ತಾಳಿ. ನಾನು ಹುಟ್ಟಾ ಚೌಕಾಸಿಯವನು. ಮೀಸೆ ಮೂಡುವ ವಯಸ್ಸಿನಲ್ಲಿ, ಸ್ವಂತ ಅಂಗಡಿಯೆಂಬುದು ಕನಸಿನಲ್ಲಿಯೂ ಇಲ್ಲದ ಕಾಲದಲ್ಲಿ, ಕೆಟ್ಟ ಪಂಪುಗಳನ್ನು ಬಸ್ಸಿನ ಟಾಪಿನ ಮೇಲೆ ಹೇರಿಸಿ, ಲಗೇಜಿನ ದುಡ್ಡು ಕೇಳಿದ ಕಂಡಕ್ಟರನೊಡನೆ 'ಪಂಪು ಸೀಟಿನಲ್ಲಿ ಕುಳಿತುಕೊಳ್ಳುವುದಿಲ್ಲವಲ್ಲ' ಎಂದು ಉಡುಪಿಯಿಂದ ಕಾರ್ಕಳದವರೆಗೆ ವಾದಿಸಿ ಗೆದ್ದವನು. ನಾನು ಬರುವುದನ್ನು ಕಂಡರೆ ಬಟ್ಟೆ ಅಂಗಡಿಯವರು ತಮ್ಮ 'ಒಂದೇ ದರ' ಎಂಬ ಫಲಕದ ಧೂಳು ಒರೆಸಿ ನೆಟ್ಟಗೆ ನಿಲ್ಲಿಸುತ್ತಾರೆ. ಇಂಥವನು ಗೋಳಿಬಜೆಗೆ ಹೀಗೆ ಕೈಬಿಚ್ಚುತ್ತಾನೆಂದರೆ ಅದರ ಹಿಂದೆ ಒಂದು ಲೆಕ್ಕಾಚಾರ ಇರಲೇಬೇಕು, ಅಲ್ಲವೇ?

ಉಂಟು. ಈ ಮೂವತ್ತೆರಡು ರೂಪಾಯಿಯನ್ನು ನಾನೊಮ್ಮೆ ಉಳಿಸಿದ್ದೆ. ಉಳಿಸಿದ ಪರಿಣಾಮವಾಗಿ ಮಣಿಪಾಲದ ಹಾಸ್ಟೆಲೊಂದರ ವರ್ಷದ ಗುತ್ತಿಗೆಯೂ ಅದರ ಬೆನ್ನಿಗೇ ಮಲ್ಲಪ್ಪನೆಂಬ ನನ್ನ ಮೆಕ್ಯಾನಿಕ್ಕನ ಅನ್ನವೂ ಕೈತಪ್ಪುವುದರಲ್ಲಿತ್ತು. ಆ ಕಥೆಯನ್ನು ಹೇಳುತ್ತೇನೆ. ಕೊನೆಯಲ್ಲಿ ಸಲಹೆಯೂ ಇದೆ, ಅದಕ್ಕೆ ದುಡ್ಡಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಂಗಡಿ ತೆರೆದಾಗ ಇದ್ದವನು ವಾಮನನೊಬ್ಬನೇ. ಕಾಪುವಿನವನು, ನನಗಿಂತ ಹಿರಿಯ. ಆಮೇಲೆ ಕಾರ್ಕಳದ ಫೆಲಿಕ್ಸ್ ಬಂದ. ಕೊನೆಗೆ ಬಾಗಲಕೋಟೆಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದು, ಕಟ್ಟಡಕ್ಕಿಂತ ಅದರ ನೀರೆತ್ತುವ ಯಂತ್ರದಲ್ಲೇ ಹೆಚ್ಚು ಆಸಕ್ತನಾದ ಮಲ್ಲಪ್ಪ ಸೇರಿದ. ಹೊರಗಿನವರಿಗೆ ನೀರೆಂದರೆ ನೀರು, ನಮಗೆ ಹಾಗಲ್ಲ. ಕಾಪುವಿನ ಕಡಲಂಚಿನ ಹೊಯಿಗೆಯ, ಅಂದರೆ ಮರಳಿನ, ಬಾವಿಗಳಲ್ಲಿ ಉಪ್ಪು ನುಸುಳಿ ಕಬ್ಬಿಣವನ್ನು ಬಿಸ್ಕತ್ತಿನಂತೆ ತಿನ್ನುತ್ತದೆ. ಕಾರ್ಕಳದ ಒಳಗಿನ ಹಳ್ಳಿಗಳಲ್ಲಿ ಕಲ್ಲಿನಡಿಯ ಕೊಳವೆಬಾವಿಗೆ ನೀರಿದ್ದರೂ ಕರೆಂಟು ಮಾತ್ರ ಉಸಿರುಬ್ಬಸದ ರೋಗಿಯಂತೆ ಬಂದು ಹೋಗುತ್ತದೆ. ಮಣಿಪಾಲದಲ್ಲಿ ಉಪ್ಪೂ ಇಲ್ಲ, ಉಬ್ಬಸವೂ ಇಲ್ಲ. ಆದರೆ ಒಂದೇ ಹೊತ್ತಿಗೆ ಸ್ನಾನಕ್ಕಿಳಿಯುವ ದೇಶದ ಸಕಲ ರಾಜ್ಯಗಳ ವಿದ್ಯಾರ್ಥಿಗಳಿದ್ದಾರೆ. ಹೀಗಾಗಿ ನನ್ನ ಮೂವರು ವೈದ್ಯರಿಗೂ ಒಂದೊಂದು ಸಿದ್ಧಾಂತ ಅಂಟಿಕೊಂಡಿತ್ತು. ಪಂಪು ಯಾವ ಕಾರಣಕ್ಕೆ ನಿಂತರೂ ವಾಮನನ ಪ್ರಕಾರ ಅಪರಾಧಿ ಉಪ್ಪು. ಫೆಲಿಕ್ಸನ ಪ್ರಕಾರ ವೋಲ್ಟೇಜು. ಮಲ್ಲಪ್ಪನ ಪ್ರಕಾರ ಮನುಷ್ಯ.

ಈ ಮೂರು ದರ್ಶನಗಳ ಸಂಗಮ ಪ್ರತಿ ಬೆಳಿಗ್ಗೆ ಎಂಟಕ್ಕೆ ನಮ್ಮ ಅಂಗಡಿಯಲ್ಲಾಗುತ್ತಿತ್ತು. ವಾಮನನೇ ಹಾಕಿಕೊಟ್ಟ ಒಂದು ಪದ್ಧತಿಯಿತ್ತು: ಹಿಂದಿನ ದಿನ ಯಾವ ಪಂಪಿನಿಂದ ಏನನ್ನು ತೆಗೆದು ಬದಲಿಸಿದರೂ ಆ ಸತ್ತ ಸಾಮಾನನ್ನು ತಂದು ಮೇಜಿನ ಮೇಲಿನ ಅಲ್ಯುಮಿನಿಯಂ ಹರಿವಾಣದಲ್ಲಿಡಬೇಕು. ಸವೆದ ಬೇರಿಂಗು, ಉಬ್ಬಿದ ಕಂಡೆನ್ಸರು, ಸೀಳಿದ ವಾಷರು, ಸುಟ್ಟ ತಂತಿ. ಪಕ್ಕದಲ್ಲಿ ಗೋಳಿಬಜೆಯ ತಟ್ಟೆ. ಒಂದು ಕೈಯಲ್ಲಿ ಬಜೆ, ಇನ್ನೊಂದರಲ್ಲಿ ಬೇರಿಂಗು ಹಿಡಿದು ಮೂವರೂ ಶವಪರೀಕ್ಷೆಗೆ ಕೂರುತ್ತಿದ್ದರು. ವಾದದ ಕಾವಿನಲ್ಲಿ ಫೆಲಿಕ್ಸ್ ಒಮ್ಮೆ ಬೇರಿಂಗನ್ನೇ ಚಟ್ನಿಗೆ ಅದ್ದಿದ್ದುಂಟು. ಮಲ್ಲಪ್ಪ ಸೇರಿದ ಮೇಲೆ ಈ ಸಭೆಯ ಭಾಷೆ ತುಳುವಿನಿಂದ ಕನ್ನಡಕ್ಕೆ ಬದಲಾಯಿತು. ಜಗಳ ಮಾತ್ರ ಹಾಗೆಯೇ ಉಳಿಯಿತು.

"ಇದು ಉಪ್ಪಿನದ್ದೇ ಕೆಲಸ ಮಾರಾಯ, ನೋಡು, ಹೇಗೆ ಹೊಟ್ಟು ಏಳ್ತಾ ಉಂಟು!" ಎಂದು ವಾಮನ ವಾಷರನ್ನು ಎತ್ತಿ ಹಿಡಿದರೆ, ಮಲ್ಲಪ್ಪ ಅದನ್ನು ಇಸಿದುಕೊಂಡು ಮೂಸಿ ನೋಡಿ, "ವಾಮನಣ್ಣ, ಇದು ಮಣಿಪಾಲದ್ದು. ನಿಮ್ಮ ಸಮುದ್ರ ಇನ್ನೂ ಗುಡ್ಡಾ ಹತ್ತಿಲ್ರೀ" ಎನ್ನುತ್ತಿದ್ದ. ಹೀಗೆ ನಗುತ್ತ ಬೈಯುತ್ತ ತಿನ್ನುತ್ತ ಇರುವಾಗಲೇ ಕಾಪುವಿನ ಉಪ್ಪು ಕಾರ್ಕಳಕ್ಕೂ ಕಾರ್ಕಳದ ಕರೆಂಟು ಮಣಿಪಾಲಕ್ಕೂ ತಿಳಿದುಹೋಗುತ್ತಿತ್ತು. ಕಲಿಸುತ್ತಿದ್ದೇನೆಂಬ ಗರ್ವ ಒಬ್ಬನಿಗಿಲ್ಲ, ಕಲಿಯುತ್ತಿದ್ದೇನೆಂಬ ಸಂಕೋಚ ಇನ್ನೊಬ್ಬನಿಗಿಲ್ಲ. ಈ ಕೊನೆಯ ವಾಕ್ಯವನ್ನು ಇವತ್ತು ಇಷ್ಟು ಸಲೀಸಾಗಿ ಬರೆದೆ. ಆಗ ನನಗೆ ಕಾಣುತ್ತಿದ್ದದ್ದು ಬೇರೆಯೇ: ಸಂಬಳ ತಿನ್ನುವ ಮೂವರು, ಸಂಬಳದ ಹೊತ್ತಿನಲ್ಲಿ, ನನ್ನ ದುಡ್ಡಿನ ಗೋಳಿಬಜೆ ತಿನ್ನುತ್ತ, ಗುಜರಿಗೆ ಹೋಗಬೇಕಾದ ಕಬ್ಬಿಣದ ಮೇಲೆ ಶಾಸ್ತ್ರಾರ್ಥ ನಡೆಸುತ್ತಿದ್ದಾರೆ!

ಅಷ್ಟರಲ್ಲಿ ಮೊಬೈಲ್ ಬಂತು. ಒಳಬರುವ ಕರೆಗೆ ಕಾಸಿಲ್ಲ ಎಂಬ ಅಮೃತವಾಕ್ಯ ಹೊರಬಿದ್ದ ವರ್ಷವೇ ನನ್ನ ತಲೆಯೊಳಗೆ ದೀಪ ಹತ್ತಿತು. ವಾಮನ ಕಾಪುವಿನಿಂದ ಉಡುಪಿಗೆ ಬಂದು, ಚಾ ಕುಡಿದು, ಮತ್ತೆ ಕಾಪುವಿನ ಬಾವಿಗೇ ಹೋಗುವುದೆಂದರೆ ಏನು? ಫೆಲಿಕ್ಸ್ ಕಾರ್ಕಳದಿಂದ ಬಂದು ಅದರ ಪಕ್ಕದ ನಿಟ್ಟೆಯ ಹಾಸ್ಟೆಲಿಗೆ ಹಿಂದಿರುಗುವುದೆಂದರೆ ಏನು? ನನ್ನ ಪೆಟ್ರೋಲಿನಲ್ಲಿ ಪ್ರದಕ್ಷಿಣೆಯೇ? ಹಳೆಯ ಮೊಬೈಲುಗಳನ್ನು ಒಟ್ಟಿಗೆ ಕೊಂಡರೆ ಎಷ್ಟು ಬಿಡುತ್ತೀರೆಂದು ಅಂಗಡಿಯವನ ಬೆವರಿಳಿಸಿ, ಚಾರ್ಜರುಗಳನ್ನು ಬಿಟ್ಟಿಯಾಗಿ ವಸೂಲು ಮಾಡಿ, ಮೂವರ ಕೈಗೂ ಒಂದೊಂದು ಕೊಟ್ಟು ಘೋಷಿಸಿದೆ: ಇನ್ನು ಮುಂದೆ ನಿಮ್ಮ ನಿಮ್ಮ ಮನೆಯೇ ನಮ್ಮ ಶಾಖೆ. ಬೇಕಾಗುವ ಹೊಸ ಸಾಮಾನು ಮನೆಯಲ್ಲೇ ಇಟ್ಟುಕೊಳ್ಳಿ, ಎದ್ದವರು ನೇರವಾಗಿ ಗಿರಾಕಿಯ ಬಾವಿಕಟ್ಟೆಗೆ ಹೋಗಿ. ಬೆಳಗಿನ ಸಭೆ ಬರ್ಖಾಸ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸಾಧಾರಣ ಜಿಪುಣ ಅನ್ನಿಸಿಕೊಳ್ಳುತ್ತಿದ್ದೆ. ಹೊರಹೋಗುವ ಕರೆಗೆ ಕಾಸುಂಟಲ್ಲ ಎಂದು ಕೊರಗಿ ಕೊರಗಿ ಅದಕ್ಕೂ ಒಂದು ಮಾರ್ಗ ಶೋಧಿಸಿದೆ. ಮಿಸ್ಡ್ ಕಾಲ್! ಫೋನು ಒಂದು ಸಲ ರಿಂಗಾಗಿ ನಿಂತರೆ 'ಕೆಲಸ ಆಯಿತು'. ಎರಡಾದರೆ 'ಸಾಮಾನು ಬೇಕು'. ಮೂರಾದರೆ 'ಧನಿಗಳೇ, ನೀವೇ ಬರಬೇಕು'. ಯಾರೂ ಫೋನು ಎತ್ತಬಾರದು. ಎತ್ತಿದವನು ದಂಡ ತೆರಬೇಕು. ಇಡೀ ಸಂಸ್ಥೆಯ ವಾರ್ತಾ ಇಲಾಖೆ ಬಿಟ್ಟಿಯಾಗಿ ನಡೆಯುವ ಈ ಏರ್ಪಾಡು ನೋಡಿ ನನಗೇ ನನ್ನ ಮೇಲೆ ಗೌರವ ಉಕ್ಕಿತು.

ಮಲ್ಲಪ್ಪ ಮಾತ್ರ ಫೋನನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ರೀ ಸಾವ್ಕಾರ್ರ, ಒಂದ ರಿಂಗಿನಾಗ ಏನ್ ಆತು, ಹೆಂಗ್ ಆತು, ಯಾಕ್ ಆತು ಅಂತ ಹೇಳಾಕ ಬರೂದಿಲ್ಲಲ್ರೀ?" ಎಂದ.

"ಆಯಿತೋ ಇಲ್ಲವೋ, ಅಷ್ಟು ಸಾಕು ನನಗೆ. ಯಾಕೆ ಅಂತ ಎಂತಕ್ಕೆ ಮಾರಾಯ?" ಎಂದೆ.

ಮನೆಯಲ್ಲಿ ನನ್ನ ಹೆಂಡತಿ ಸುಮತಿ ಈ ಸಂಶೋಧನೆಯ ವಿವರ ಕೇಳಿ, ಮೀನಿನ ಸಾರಿನ ಸೌಟನ್ನು ಕೆಳಗಿಡದೆಯೇ ಹೇಳಿದ್ದು: "ನೀವು ಇಷ್ಟರವರೆಗೆ ಧಾರಾಳವಾಗಿ ಖರ್ಚು ಮಾಡ್ತಿದ್ದದ್ದು ಮಾತೊಂದನ್ನೇ. ಈಗ ಅದರಲ್ಲಿಯೂ ಉಳಿತಾಯ ಶುರುವಾಯ್ತಾ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳದಿರುವುದಕ್ಕೆ ಕಾರಣವೂ ಇತ್ತು. ಆರಂಭದ ತಿಂಗಳುಗಳು ಅಷ್ಟು ಸೊಗಸಾಗಿದ್ದವು. ಮೇಜಿನ ಮೇಲಿನ ಫೋನು ಆಗಾಗ ಒಂದೊಂದು ಸಲ 'ಟ್ರಿಣ್' ಎಂದು ಸುಮ್ಮನಾಗುವುದು, ನಾನು 'ಆಯಿತು' ಎಂದು ತಲೆದೂಗುವುದು. ರೂಪಾಯಿಯೊಂದು ಹುಂಡಿಗೆ ಬಿದ್ದಂಥ ನಾದ! ಬಂದ ವ್ಯಾಪಾರಿ ಮಿತ್ರರಿಗೆಲ್ಲ ನನ್ನ ಪದ್ಧತಿಯನ್ನು ಬೋಧಿಸಿದೆ. ಅಕ್ಕಿ ಅಂಗಡಿಯವರೊಬ್ಬರು ಅದನ್ನು ಅನುಸರಿಸಲು ಹೋಗಿ, ರಿಂಗಿನ ಎಣಿಕೆ ತಪ್ಪಿ, ಒಂದೇ ಮನೆಗೆ ಎರಡು ಸಲ ಅಕ್ಕಿ ಕಳುಹಿಸಿ ನನ್ನೊಡನೆ ಮಾತು ಬಿಟ್ಟರು. ಅವರ ಬುದ್ಧಿಯ ದೋಷವೆಂದು ನಾನು ಸಮಾಧಾನಪಟ್ಟುಕೊಂಡೆ.

ಆದರೆ ಒಂದು ಸೂಕ್ಷ್ಮ ನನ್ನ ಗಮನಕ್ಕೆ ಬಂದಿತ್ತೆನ್ನಬೇಕು. ಮೇಜಿನ ಮೇಲಿನ ಹರಿವಾಣ ಬರಿದಾಯಿತು. ಸತ್ತ ಸಾಮಾನುಗಳು ಎಲ್ಲಿಗೆ ಹೋಗುತ್ತಿದ್ದವು? ವಾಮನನ ಮನೆಯಲ್ಲಿ ಅವು ಕಟ್ಟಿಗೆಯ ರಾಶಿಗೆ ಹೊದಿಸಿದ ಟರ್ಪಾಲು ಹಾರದಂತೆ ಭಾರವಾಗಿ ಕುಳಿತವು. ಫೆಲಿಕ್ಸನ ತಾಯಿ ಮೊಂತಿಬಾಯಿ ಅವನ್ನು ಬಾಗಿಲಿಗೆ ಅಡ್ಡವಿಡಲು ಬಳಸಿದರು. ಮಲ್ಲಪ್ಪ ಒಂದು ಗೋಣಿಯಲ್ಲಿ ತುಂಬಿ ಮಂಚದಡಿಗೆ ತಳ್ಳಿದ. ಪ್ರತಿಯೊಬ್ಬನೂ ತಾನು ಕಂಡದ್ದನ್ನು ತಾನೇ ಇಟ್ಟುಕೊಂಡ. ಬಚ್ಚಿಡಬೇಕೆಂದಲ್ಲ, ಕೊಡಲು ತಟ್ಟೆಯಿರಲಿಲ್ಲ, ಅಷ್ಟೇ.

ಇನ್ನು ಜಲಜಕ್ಕನ ವಿಷಯಕ್ಕೆ ಬರುತ್ತೇನೆ. ಮಣಿಪಾಲದ ಇಳಿಜಾರಿನಲ್ಲಿ ಅವರದು ಹುಡುಗಿಯರ ಖಾಸಗಿ ಹಾಸ್ಟೆಲು. ಜೀವಮಾನದಲ್ಲಿ ಚೌಕಾಸಿಯಲ್ಲಿ ನನಗೆ ಸರಿಸಾಟಿಯೆಂದು ನಾನು ಒಪ್ಪಿಕೊಂಡ ಏಕೈಕ ವ್ಯಕ್ತಿ ಅವರು. ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸುವ ದಿನ ನಾವಿಬ್ಬರೂ ಹೊಟ್ಟೆ ತುಂಬಾ ಊಟ ಮಾಡಿಯೇ ಎದುರುಬದುರು ಕೂರುತ್ತಿದ್ದೆವು. ಅವರ ಹಾಸ್ಟೆಲಿನ ಪಂಪು, ಪೈಪು, ಟ್ಯಾಂಕುಗಳ ಯೋಗಕ್ಷೇಮಕ್ಕೆ ಬರುತ್ತಿದ್ದ ದುಡ್ಡಿನ ಆಧಾರದ ಮೇಲೆಯೇ ನಾನು ಮಲ್ಲಪ್ಪನನ್ನು ಕಾಯಂ ಮಾಡಿದ್ದು. ಆ ಧೈರ್ಯದ ಮೇಲೆಯೇ ಅವನು ಮಣಿಪಾಲದಲ್ಲಿ ಕೋಣೆ ಹಿಡಿದು ಹೆಂಡತಿಯನ್ನು ಊರಿನಿಂದ ಕರೆತಂದದ್ದು. ಗುತ್ತಿಗೆ ಹೋದರೆ ಅವನನ್ನು ಇಟ್ಟುಕೊಳ್ಳುವ ತಾಕತ್ತು ನನ್ನ ಅಂಗಡಿಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಬಿಸು ಹಬ್ಬದ ಹೊತ್ತಿನ ಸುಡುಬೇಸಗೆಯಲ್ಲಿ ಆ ಪಂಪು ಕೈಕೊಟ್ಟಿತು. ಮಲ್ಲಪ್ಪ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ವಾಮನ ಹೋಗಿ, ಪಂಪಿನಿಂದ ನೀರು ಸೋರದಂತೆ ತಡೆಯುವ ಸೀಲು ಬದಲಿಸಿ ಬಂದ. ಟ್ರಿಣ್. ಕೆಲವೇ ದಿನಗಳಲ್ಲಿ ಪಂಪು ಮತ್ತೆ ನಿಂತಿತು. ವಾಮನನಿಗೆ ಪುರುಸೊತ್ತಿರಲಿಲ್ಲ, ಫೆಲಿಕ್ಸ್ ಹೋದ. ಎತ್ತಿದ ನೀರು ಬಾವಿಗೇ ಮರಳುತ್ತಿದೆಯೆಂದು ಊಹಿಸಿ ಪೈಪಿನ ತುದಿಯ ಫುಟ್‌ವಾಲ್ವು ಬದಲಿಸಿದ. ಟ್ರಿಣ್. ಮತ್ತೆ ನಿಂತಿತು. ಮದುವೆ ಮುಗಿಸಿ ಬಂದ ಮಲ್ಲಪ್ಪ ಅರಿಶಿನ ಮಾಸದ ಕೈಯಲ್ಲೇ ಹೋಗಿ ಮೋಟಾರನ್ನು ಚಾಲೂ ಮಾಡುವ ಕಂಡೆನ್ಸರು ಬದಲಿಸಿದ. ಟ್ರಿಣ್. ಮೂರು ಸಲವೂ ನಾನು 'ಆಯಿತು' ಎಂದು ತಲೆದೂಗಿದೆ. ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ; ಮೂವರು ಮಾಡಿದ್ದೂ ನನಗೆ ಗೊತ್ತಿಲ್ಲ. ಸುದ್ದಿ ಮಾತ್ರ ಚಾಚೂ ತಪ್ಪದೆ ಬಂದು ತಲುಪಿತ್ತು.

ಒಂದು ಬೆಳಿಗ್ಗೆ ಫೋನು ಮೂರು ಸಲ ರಿಂಗಾಗಿ ನಿಂತಿತು. ನೋಡಿದರೆ ನನ್ನವರ ಸಂಖ್ಯೆಯಲ್ಲ, ಜಲಜಕ್ಕನದ್ದು! ಗಾಬರಿಯಿಂದ ಸ್ಕೂಟರು ಹತ್ತಿ ಗುಡ್ಡವೇರಿದೆ. ಅಂಗಳದಲ್ಲಿ ಟ್ಯಾಂಕರು ನಿಂತಿತ್ತು. ಜಲಜಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಅದರ ಚಾಲಕನೊಡನೆ ಬಾಡಿಗೆ ಇಳಿಸುತ್ತಿದ್ದರು.

"ನೀವು ನನಗೆ ಮಿಸ್ಡ್ ಕಾಲ್ ಕೊಡುವುದಾ ಜಲಜಕ್ಕ?" ಎಂದೆ.

"ಮತ್ತೆಂತ? ನಿಮ್ಮ ಜನ ಬಂದವರು ಹತ್ತು ನಿಮಿಷ ಕುಟ್ಟಿ, ಒಂದು ರಿಂಗ್ ಕೊಟ್ಟು ಹೋಗುವುದು. ನೀವು ಬರಬೇಕಾದರೆ ಮೂರಂತೆ, ಮಲ್ಲಪ್ಪ ಹೇಳಿದ. ನನಗೂ ಕಾಸು ಉಳಿಯಿತು" ಎಂದರು. ಆಮೇಲೆ ನಗು ನುಂಗಿ ಮುಖ ಬಿಗಿದರು. "ನೋಡಿ ಮಾರಾಯ್ರೆ, ಊರಿಗೆ ಹೋದ ಮಕ್ಕಳೆಲ್ಲ ಸೋಮವಾರ ವಾಪಸು ಬರ್ತಾರೆ. ಅಷ್ಟರೊಳಗೆ ನೀರು ಸರಿಯಾಗಬೇಕು. ಇಲ್ಲದಿದ್ದರೆ ಗುತ್ತಿಗೆ ಕೇಳಿಕೊಂಡು ಮಂಗಳೂರಿನ ಕಂಪೆನಿಯವರು ಬಂದು ಹೋಗಿದ್ದಾರೆ. ಎದೆಯಲ್ಲಿ ಹೆಸರು ಹಾಕಿಕೊಂಡು ಬರ್ತಾರೆ ಅವರು, ಗೊತ್ತುಂಟಾ?"

ಗೋಡೆಗೊರಗಿ ನಿಂತಿದ್ದ ಮಲ್ಲಪ್ಪ ಕಂಪೆನಿಯ ಮಾತು ಕೇಳಿದ್ದೇ ಸ್ಪಾನರನ್ನು ಚೀಲಕ್ಕೆ ಹಾಕಿ, ಮತ್ತೆ ಹೊರತೆಗೆದ. ಅವನ ಕೋಣೆ, ಅವನ ಹೆಂಡತಿ ನೆನಪಾಗಿ ನನಗೆ ಟ್ಯಾಂಕರಿನ ನೀರನ್ನು ಮೈಮೇಲೆ ಸುರಿದಂತಾಯಿತು. ಜೀವನದಲ್ಲಿ ಮೊದಲ ಬಾರಿಗೆ, ಕಾಸಿನ ಗೊಡವೆಯಿಲ್ಲದೆ, ಬಾಯಿಬಿಟ್ಟು ಮಾತಾಡುವ ಕರೆಯೊಂದನ್ನು ವಾಮನನಿಗೂ ಇನ್ನೊಂದನ್ನು ಫೆಲಿಕ್ಸನಿಗೂ ಮಾಡಿದೆ. ನಾನೇ ಮಾತಾಡಿದ್ದಕ್ಕೆ ಹೆದರಿ ಇಬ್ಬರೂ ಊಟಕ್ಕೂ ನಿಲ್ಲದೆ ಬಂದರು.

ಬಂದವರು ಬಾವಿಕಟ್ಟೆಯಲ್ಲಿ ಮೊದಲು ಮಾಡಿದ್ದು ಪರಸ್ಪರ ಆರೋಪ. ಆದರೆ ಆ ದಿನ ಅವರ ಸಿದ್ಧಾಂತಗಳಿಗೆ ಗ್ರಹಚಾರ ಕೆಟ್ಟಿತ್ತು. ನೀರು ಸಿಹಿಯಾದ್ದರಿಂದ ಉಪ್ಪನ್ನು ದೂರುವಂತಿಲ್ಲ. ಮೀಟರು ಹಿಡಿದರೆ ವೋಲ್ಟೇಜು ಸಂಭಾವಿತನಂತೆ ನೆಟ್ಟಗೆ ನಿಂತಿದೆ. ಹುಡುಗಿಯರೆಲ್ಲ ರಜೆಯಲ್ಲಿರುವುದರಿಂದ ಮನುಷ್ಯನನ್ನು ದೂರೋಣವೆಂದರೆ ಮನುಷ್ಯನೇ ಇಲ್ಲ! ತಲೆ ಕೆರೆದುಕೊಳ್ಳುತ್ತ ಮಲ್ಲಪ್ಪ ಕೇಳಿದ: "ವಾಮನಣ್ಣ, ನೀವು ತಗದ ಹಳೇ ಸೀಲ್ ಎಲ್ಲೈತ್ರಿ?"

"ಮನೆಯಲ್ಲಿ. ಟರ್ಪಾಲಿನ ಮೇಲೆ."

"ಫೆಲಿಕ್ಸಾ, ವಾಲ್ವ್?"

"ಅಮ್ಮ ಬಾಗಿಲಿಗೆ ಇಟ್ಟಿದ್ದಾರೆ."

"ತರ್ರಿ ಮತ್ತ! ನೋಡದ ಹೆಂಗ್ ಹೇಳೂದು?"

ವಾಮನ ಕಾಪುವಿಗೂ ಫೆಲಿಕ್ಸ್ ಕಾರ್ಕಳಕ್ಕೂ ಬೈಕು ಓಡಿಸಿದರು. ಯಾವ ಪೆಟ್ರೋಲನ್ನು ಉಳಿಸಲು ನಾನು ಇಷ್ಟೆಲ್ಲ ಕಟ್ಟಿದ್ದೆನೋ ಅದು ಒಂದೇ ಮಧ್ಯಾಹ್ನ ಹೊಗೆಯಾಗುವುದನ್ನು ನಿಂತು ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ಫೆಲಿಕ್ಸನ ಕರೆ ಬಂತು. ಮೊಂತಿಬಾಯಿ ವಾಲ್ವನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲವಂತೆ, ಧನಿಗಳೊಡನೆಯೇ ಮಾತಾಡಬೇಕಂತೆ. "ಅದು ತೆಗೆದರೆ ಗಾಳಿಗೆ ನನ್ನ ಬಾಗಿಲು ಬಡಿಯುತ್ತದೆ. ಅಷ್ಟೇ ಭಾರದ್ದು ಬೇರೆ ಕೊಡ್ತೀರಾ?" ಎಂದರು ಆಕೆ. ನಾನು ಹಳೆಯ ಬೇರಿಂಗೊಂದರಿಂದ ಮಾತು ಶುರುಮಾಡಿದೆ. ಹೊಸ ಬಾಗಿಲಕೊಂಡಿ ಮತ್ತು ಅದನ್ನು ಜೋಡಿಸಿಕೊಡುವ ಕೂಲಿಗೆ ವ್ಯವಹಾರ ಕುದುರಿತು. ನನ್ನ ವ್ಯಾಪಾರ ಜೀವನದಲ್ಲಿ ಗುಜರಿಗೆ ಹೊಸ ಸಾಮಾನಿನ ಬೆಲೆ ತೆತ್ತದ್ದು ಅದೊಂದೇ ಸಲ.

ಸಂಜೆಯ ಹೊತ್ತಿಗೆ ಮೂರೂ ಸತ್ತ ಸಾಮಾನುಗಳು ಬಾವಿಕಟ್ಟೆಯ ಮೇಲೆ ಸೇರಿದವು. ಅಷ್ಟರಲ್ಲಿ ಒಳಗಿನಿಂದ ಘಮಘಮ ಬಂತು. ಜಲಜಕ್ಕ ಟ್ಯಾಂಕರಿನ ನೀರಿನಲ್ಲಿ ಹಿಟ್ಟು ಕಲಸಿ ಗೋಳಿಬಜೆ ಮಾಡಿಸಿದ್ದರು. "ಜಗಳ ಮಾಡುವವರು ತಿಂದು ಮಾಡಿ" ಎಂದು ತಟ್ಟೆಯನ್ನು ತಂದು ಸೀಲಿನ ಪಕ್ಕಕ್ಕೇ ಇಟ್ಟರು. ತಿಂಗಳುಗಳ ನಂತರ ಒಂದೇ ತಟ್ಟೆಗೆ ಮೂರು ಕೈಗಳು ಬಂದವು. ಮೂವರ ಮುಖದ ಗಂಟೂ ಎಷ್ಟು ಬೇಗ ಸಡಿಲವಾಯಿತೆಂದರೆ, ಹಿಟ್ಟಿನಲ್ಲಿ ಏನು ಬೆರೆಸಿದಿರಿ ಎಂದು ಕೇಳುವ ಹಾಗಾಯಿತು.

ಫೆಲಿಕ್ಸ್ ಸೀಲನ್ನು ಬೆಳಕಿಗೆ ಹಿಡಿದ. "ವಾಮನಣ್ಣ, ಇದು ಸವೆದದ್ದಲ್ಲ ಮಾರಾಯ್ರೆ, ಸುಟ್ಟದ್ದು. ನೀರಿಲ್ಲದೆ ತಿರುಗಿದೆ ಇದು."

"ನೀರಿಲ್ಲದೆ ಎಂತಕ್ಕೆ ತಿರುಗುತ್ತದೆ? ಬಾವಿಯಲ್ಲಿ ಕಾಣುವುದಿಲ್ವಾ ನೀರು? ಕೆಳಗೆ ಹೋಗಿದೆ, ಆದರೂ ಉಂಟು. ನೀನು ವಾಲ್ವ್ ಸೋರ್ತದೆ ಅಂತ ಬದಲಿಸಿದೆಯಲ್ಲ, ಎಲ್ಲಿ ಸೋರ್ತದೆ ತೋರಿಸು!"

ಮಲ್ಲಪ್ಪ ವಾಲ್ವನ್ನು ನೆಟ್ಟಗೆ ಹಿಡಿದು, ತನ್ನ ಲೋಟದಲ್ಲಿ ಉಳಿದಿದ್ದ ಚಾವನ್ನು ಅದರೊಳಕ್ಕೆ ಸುರಿದ. ಎಲ್ಲರೂ ಬಗ್ಗಿ ಕೆಳಗಿನಿಂದ ನೋಡಿದೆವು, ಜಲಜಕ್ಕನೂ ನೋಡಿದರು. ಒಂದು ಹನಿ ಬೀಳಲಿಲ್ಲ.

"ನೋಡ್ರಿ, ಚಾ ಸೈತ ಇಳಿವಲ್ದು. ಗಟ್ಟಿಮುಟ್ಟ ವಾಲ್ವ್ ತಗದು ಬಾಗಲಕ್ಕ ಇಟ್ಟೀಯಲ್ಲೋ ಫೆಲಿಕ್ಸಾ!"

"ನೀನು ಕಂಡೆನ್ಸರ್ ಬದಲಿಸಿದ್ದು ಎಂತಕ್ಕೆ ಹಾಗಾದರೆ?"

"ಉಬ್ಬಿತ್ತು. ಮೋಟರ್ ಮುಟ್ಟಿದ್ರ ಕೈ ಸುಡತಿತ್ತು. ತಾಸಗಟ್ಲೆ ಬರೇ ತಿರಗೇತಿ ಅದು."

ಮೂವರೂ ಮೂರು ಸಾಮಾನುಗಳನ್ನು ಸಾಲಾಗಿಟ್ಟು ನೋಡಿದರು. ಬಾಯಲ್ಲಿದ್ದ ಬಜೆಯನ್ನು ಅಗಿಯುವುದನ್ನೂ ಮರೆತರು. ಕೆಳಗೆ ನೀರಿದೆ. ವಾಲ್ವು ಹಿಡಿಯುತ್ತದೆ. ಮೇಲೆ ಪಂಪು ಬರಿದಾಗಿ ತಿರುಗಿ ಸುಡುತ್ತಿದೆ. ಹಾಗಾದರೆ ನಡುವೆ ಎಲ್ಲೋ... "ಜಾಯಿಂಟು!" ಎಂಬ ಆ ಶಬ್ದ ಮೊದಲು ಯಾರ ಬಾಯಿಂದ ಬಂತೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ವಾಮನ ತಾನೆನ್ನುತ್ತಾನೆ, ಫೆಲಿಕ್ಸ್ ತಾನೆನ್ನುತ್ತಾನೆ, ಮಲ್ಲಪ್ಪನಂತೂ ಪ್ರಮಾಣಕ್ಕೂ ಸಿದ್ಧ. ನಾನು ಅಲ್ಲೇ ನಿಂತಿದ್ದವನು. ನನಗೆ ಕೇಳಿದ್ದು ಮೂರೂ ಕಂಠಗಳ ಒಂದೇ ಕೂಗು.

ಬಾವಿಗೆ ಇಣುಕಿದೆವು. ಪೈಪಿನ ನಡುವಿನ ಒಂದು ಜೋಡಣೆ, ವರ್ಷವಿಡೀ ನೀರಿನಲ್ಲಿ ಮುಳುಗಿ ತನ್ನ ಬಿರುಕನ್ನು ಮುಚ್ಚಿಕೊಂಡಿದ್ದದ್ದು, ಬೇಸಗೆಗೆ ನೀರಿಳಿದು ಹೊರಗೆ ಕಾಣಿಸುತ್ತಿತ್ತು. ಪಂಪು ಚಾಲೂ ಮಾಡಿದರೆ ಅಲ್ಲಿಂದ 'ಸುಯ್' ಎಂದು ಗಾಳಿ ಹೀರುವ ಸದ್ದು. ನೀರನ್ನು ಎಳೆಯಬೇಕಾದ ಬಡಪಾಯಿ ಪಂಪು ಮಣಿಪಾಲದ ಗಾಳಿ ಕುಡಿದು ಬಿಸಿಯಾಗುತ್ತಿತ್ತು. ಮಲ್ಲಪ್ಪ ಹಗ್ಗ ಹಿಡಿದು ಇಳಿದ, ಫೆಲಿಕ್ಸ್ ಟಾರ್ಚು ಹಿಡಿದ, ವಾಮನ ಮೇಲಿನಿಂದ ಅಗತ್ಯವಿದ್ದದ್ದಕ್ಕಿಂತ ಹೆಚ್ಚು ಸೂಚನೆಗಳನ್ನು ಇಳಿಬಿಟ್ಟ. ಜೋಡಣೆಯ ಆ ತುಂಡನ್ನು ಬದಲಿಸಿ, ಗಾಳಿ ನುಸುಳದಂತೆ ನಾರು ಸುತ್ತಿ ಬಣ್ಣ ಬಳಿದು ಬಿಗಿದದ್ದಾಯಿತು. ಆ ತುಂಡಿನ ಬೆಲೆ, ಹೇಳಲು ನಾಚಿಕೆಯಾಗುತ್ತದೆ, ಗೋಳಿಬಜೆಯ ಒಂದು ತಟ್ಟೆಗಿಂತ ಕಡಿಮೆ.

ಸೋಮವಾರ ಹಾಸ್ಟೆಲಿನ ನಲ್ಲಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಮಂಗಳವಾರವೂ ನೀರು ನಿಲ್ಲಲಿಲ್ಲ. ವಾರ ಕಳೆದು ಜಲಜಕ್ಕ ನನ್ನನ್ನು ಕರೆಸಿ, ಗುತ್ತಿಗೆಯನ್ನು ಇನ್ನೊಂದು ವರ್ಷಕ್ಕೆ ಕೊಟ್ಟರು, ಹಳೆಯ ದರಕ್ಕೇ. ನಾನು ಹೆಚ್ಚು ಕೇಳಲಿಲ್ಲ, ಅವರು ಕಡಿಮೆ ಮಾಡಿಸಲಿಲ್ಲ. ಇಬ್ಬರಿಗೂ ಏನೋ ಕಳೆದುಕೊಂಡಂತಾಯಿತು. ಹೊರಡುವಾಗ ಒಂದು ಷರತ್ತು ಹಾಕಿದರು: "ನಿಮ್ಮ ಆ ಒಂದು ರಿಂಗಿನ ಕೆಲಸ ನನ್ನ ಬಾವಿಗೆ ಬೇಡ."

ಹೊರಗೆ ಮಲ್ಲಪ್ಪ ಕಾಯುತ್ತಿದ್ದ. ನಾನು ತಲೆಯಾಡಿಸಿದ್ದನ್ನು ನೋಡಿದ್ದೇ ತಡ, ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಕರೆ ಮಾಡಿದ. ಮಿಸ್ಡ್ ಕಾಲ್ ಅಲ್ಲ, ಪೂರ್ತಿ ಕರೆ. ಏನಾಯಿತು, ಹೇಗಾಯಿತು, ಯಾಕಾಯಿತು ಎಲ್ಲವನ್ನೂ ಆಕೆಗೆ ಮೊದಲಿನಿಂದ ಹೇಳತೊಡಗಿದ. ಅದು ನಾನು ಕಾಸು ಕಟ್ಟುವ ಫೋನು. ನಾನು ಗಡಿಯಾರ ನೋಡಲಿಲ್ಲ. ಅಥವಾ, ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಹರಿವಾಣ ತೊಳೆದಿಟ್ಟು ಬೆಳಗಿನ ಸಭೆಯನ್ನು ಮತ್ತೆ ಕರೆದೆ. ಹಾಗೆಂದು ನಾನು ಫೋನುಗಳನ್ನು ಬಾವಿಗೆಸೆದೆನೆಂದು ಎಣಿಸಬೇಡಿ. ಬಂಡವಾಳ ಹಾಕಿದ್ದು, ಎಸೆಯಲು ನನಗೆ ಹುಚ್ಚೇ? ಮಾತಾಡಲು ಅಪ್ಪಣೆ ಕೊಟ್ಟೆ, ಅಷ್ಟೇ. ಆಮೇಲೆ ಕಂಡ ಸೋಜಿಗ ಹೇಳುತ್ತೇನೆ. ಎಲ್ಲೂರಿನ ತೋಟದಲ್ಲಿ ವಾಮನ ಒಂದು ಮಧ್ಯಾಹ್ನ ಗುರುಗುಟ್ಟುವ ಪಂಪಿನ ಮುಂದೆ ನಿಂತು, ಫೋನನ್ನು ಅದರ ಮೈಗೆ ಆನಿಸಿ, "ಮಲ್ಲಪ್ಪ, ಕೇಳ್ತದಾ? ನಿನ್ನೆ ಹರಿವಾಣದಲ್ಲಿ ಇತ್ತಲ್ಲ, ಅದರದ್ದೇ ಸ್ವರ ಅಲ್ವಾ?" ಎಂದ. ಮಣಿಪಾಲದ ಮಹಡಿಯ ಮೇಲಿನಿಂದ ಮಲ್ಲಪ್ಪ, "ಹೌದ್ರೀ, ಹಿಂದಿನ ಬೇರಿಂಗ್, ಬಿಚ್ರಿ" ಎಂದ. ನೋಡಿ, ಅದೇ ಫೋನು. ನನ್ನ ಆಡಳಿತದಲ್ಲಿ 'ಟ್ರಿಣ್' ಎನ್ನುವುದರಾಚೆಗೆ ಮೂಕವಾಗಿದ್ದದ್ದು ಈಗ ಬೇರಿಂಗಿನ ನರಳಾಟವನ್ನೂ ಹೊತ್ತೊಯ್ಯುವಷ್ಟು ವಾಚಾಳಿಯಾಯಿತು. ನಿನ್ನೆಯ ಬೇರಿಂಗನ್ನು ಇಬ್ಬರೂ ಕೈಯಲ್ಲಿ ತಿರುಗಿಸಿ ನೋಡಿದ್ದರು, ಆದ್ದರಿಂದ ಇವತ್ತಿನ ಸದ್ದು ಅವರಿಗೆ ಅರ್ಥವಾಯಿತು. ದೂರದ ಮಾತಿಗೆ ಬೇಕಾದ ಬೀಜ ಹತ್ತಿರದಲ್ಲಿ ಕುಳಿತಾಗ ಬಿತ್ತಿದ್ದಿರಬೇಕು.

ಇತ್ತೀಚೆಗೆ ಫೋನಿಗೆ ಕ್ಯಾಮರಾವೂ ಬಂದಿದೆ. ಫೆಲಿಕ್ಸ್ ಸತ್ತ ಸಾಮಾನಿನ ಚಿತ್ರ ತೆಗೆದು ಕಳುಹಿಸುತ್ತಾನೆ, ಚೆನ್ನಾಗಿಯೇ ಬರುತ್ತದೆ. ಆದರೆ ಸುಟ್ಟ ತಂತಿಯ ವಾಸನೆ ಬರುವುದಿಲ್ಲ, ಸೀಲಿನ ಒರಟು ಬೆರಳಿಗೆ ಹತ್ತುವುದಿಲ್ಲ, 'ಮೂರ್ಖಾ, ಇದನ್ನು ಯಾಕೆ ತೆಗೆದೆ?' ಎಂಬ ನಗುಬೆರೆತ ಬೈಗುಳಕ್ಕೆ ಅದರಲ್ಲಿ ಎಡೆಯಿಲ್ಲ. ಮಣಿಪಾಲದ ಒಂದು ಕಚೇರಿಯ ಮ್ಯಾನೇಜರರು, ನಮ್ಮ ಗಿರಾಕಿ, ಮೊನ್ನೆ ಟ್ಯಾಂಕು ನೋಡಲು ಹೋದಾಗ ಅಳಲು ತೋಡಿಕೊಂಡರು: ಅವರ ಕೆಲಸಗಾರರು ಇಂಟರ್ನೆಟ್ಟಿನ ಮೂಲಕ ಮನೆಯಿಂದಲೇ ಕೆಲಸ ಮಾಡುತ್ತಾರಂತೆ, ಒಬ್ಬರು ಬಿಡಿಸಿದ ಗಂಟನ್ನೇ ಇನ್ನೊಬ್ಬರು ಮೊದಲಿನಿಂದ ಬಿಡಿಸುತ್ತ ಕೂರುತ್ತಾರಂತೆ, ಕೇಳಿದರೆ ಎಲ್ಲರೂ ಈಮೇಲಿನಲ್ಲಿ 'ಓಕೆ' ಎಂದು ಬರೆದು ನಗುವ ಮುಖದ ಗೊಂಬೆ ಅಂಟಿಸುತ್ತಾರಂತೆ. ನಾನು ಟ್ಯಾಂಕಿನ ಮುಚ್ಚಳ ಹಾಕುತ್ತ, ಇದು ನನಗೆ ಚಿರಪರಿಚಿತ ಕಾಯಿಲೆ, ಟ್ರಿಣ್ ಎಂಬುದಕ್ಕೆ ಈಗ ಮುಖ ಬಂದಿದೆ, ಅಷ್ಟೇ ವ್ಯತ್ಯಾಸ ಎಂದೆ. ಅವರಿಗೆ ಹೇಳಿದ ಔಷಧವನ್ನೇ ನಿಮಗೂ ಹೇಳುತ್ತೇನೆ.

ನಿಮ್ಮ ಕೈಕೆಳಗೆ ಇಬ್ಬರು ಕೆಲಸ ಮಾಡುತ್ತಿದ್ದರೂ ಸರಿ, ಇಪ್ಪತ್ತು ಮಂದಿಯಿದ್ದರೂ ಸರಿ, ಮನೆಯಿಂದ ಮಾಡುವವರು ಧಾರಾಳವಾಗಿ ಮನೆಯಿಂದ ಮಾಡಲಿ; ಆಗಾಗ ಒಂದು ಹೊತ್ತಿಗೆ ಮಾತ್ರ ಎದುರೆದುರು ಕೂರಿಸಿ. ಗೆದ್ದ ಕೆಲಸವನ್ನಲ್ಲ, ಕೆಟ್ಟ ಕೆಲಸವನ್ನು ತಂದು ಮೇಜಿನ ಮೇಲಿಡಲು ಹೇಳಿ. ಇಟ್ಟವನನ್ನು ಬೈಯಲು ಹೋಗಬೇಡಿ. ಅವನ ಜೊತೆಯವರು ನಿಮಗಿಂತ ಚೆನ್ನಾಗಿ ಬೈಯುತ್ತಾರೆ. ಗೋಳಿಬಜೆಯನ್ನು ಪಾರ್ಸೆಲ್ ತರಿಸಬೇಡಿ. ಪೊಟ್ಟಣದೊಳಗೆ ಬೆವತು ಮೆತ್ತಗಾದದ್ದನ್ನು ಮುಂದಿಟ್ಟುಕೊಂಡು ಯಾರೂ ಹುರುಪಿನಿಂದ ಜಗಳವಾಡುವುದಿಲ್ಲ. ತಟ್ಟೆ ಒಂದೇ ಇರಲಿ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರೋ, ತಮ್ಮತಮ್ಮದು ಮುಗಿಸಿ ಎದ್ದುಹೋಗುತ್ತಾರೆ. ಬಾಡಿಗೆಯಲ್ಲಿ ಚೌಕಾಸಿ ಮಾಡಿ, ಬೈಕಿನಲ್ಲಿ ಮಾಡಿ, ಫೋನಿನಲ್ಲಿ ಅವಶ್ಯವಾಗಿ ಮಾಡಿ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಎದುರಿನ ಹೋಟೆಲಿನವರು ದರ ಏರಿಸಿದ್ದಾರೆ, ಮೂವತ್ತೆರಡಿದ್ದದ್ದು ದಿನಕ್ಕೆ ನಲವತ್ತಾಯಿತು. ಕೇಳಿದ್ದನ್ನು ಕೊಟ್ಟು ಬಂದೆ. ನೀವೂ ಕೊಟ್ಟುಬಿಡಿ. ಚಟ್ನಿಯನ್ನು ಮಾತ್ರ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳಿ, ಅದಕ್ಕಿನ್ನೂ ಕಾಸಿಲ್ಲ.